ಪೆಟ್ಟಿಗೆ ನನಗೆ, ತಟ್ಟೆ ಅಣ್ಣನಿಗೆ

ನಮ್ಮ ಮನೆಗೆ ಬಂದ ಯಾವ ಸಾಮಾನೂ ಬರೀ ಸಾಮಾನಾಗಿ ಉಳಿದದ್ದಿಲ್ಲ. ಮಿಕ್ಸಿ ಬಂದಾಗ ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಚಟ್ನಿ ರುಬ್ಬಿದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಬಟ್ಟೆ ಹೊದಿಸಿದಳು. ಇಂಥ ಮನೆಗೆ ವಿಡಿಯೋ ಗೇಮು ಬಂದರೆ ಅದು ಸುಮ್ಮನೆ ಒಂದು ಮೂಲೆಯಲ್ಲಿ ಕೂತಿರುತ್ತದೆಯೇ? ನಗುವಂಥದ್ದೂ ನಡೆಯಿತು, ನಗಬಾರದ್ದೂ ನಡೆಯಿತು.

ನಾನು ಗಾವಡಗೆರೆ ಕಡೆಯವನು. ಊರಿನಲ್ಲಿ ಹೊಗೆಸೊಪ್ಪು, ರಾಗಿ. ಹುಣಸೂರಿನಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ. ಕೊಡಗಿನ ತೋಟದವರೊಬ್ಬರು ಗೇಮಿನ ಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟು ಹೋದವರು, ನಾನು ಅದನ್ನು ಸರಿಮಾಡುವಷ್ಟರಲ್ಲಿ ಹೊಸದು ಕೊಂಡುಬಿಟ್ಟರು. ಇದನ್ನು ನೀವೇ ಇಟ್ಟುಕೊಳ್ಳಿ ಅಂದರು. ಜೊತೆಯಲ್ಲಿ ಇದ್ದದ್ದು ಒಂದೇ ಸೀಡಿ. ಅಮೆರಿಕದ ಹಳೇ ಕಾಲದ ಕಥೆ: ಟೋಪಿ ಹಾಕಿದ ಒಬ್ಬ ಕಳ್ಳ, ಅವನಿಗೊಂದು ಕುದುರೆ, ಕಣ್ಣು ಹಾಯುವಷ್ಟು ದೂರ ಬಯಲು. ಎತ್ತ ಬೇಕಾದರೂ ಹೋಗಬಹುದು, ಯಾಕೆ ಅಂತ ಕೇಳುವವರಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ನಾನೂ ಅಣ್ಣನೂ ಒಬ್ಬರಾದ ಮೇಲೊಬ್ಬರು ಆಡುತ್ತಿದ್ದೆವು. ಊರಿನಲ್ಲಿ ಅದಕ್ಕೆ ಕುದುರೆ ಆಟ ಅಂತಲೇ ಹೆಸರು ಬಿತ್ತು.

ಕೊಟ್ಟಿಗೆಯ ಹಸು

ಆ ಆಟದಲ್ಲಿ ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳದಿದ್ದರೆ ಅದು ಸೊರಗುತ್ತದೆ. ಹುಲ್ಲು ತಿನ್ನಿಸಬೇಕು, ಕೆಸರು ಹತ್ತಿದರೆ ಬ್ರಷ್ಷಿನಲ್ಲಿ ಮೈ ತಿಕ್ಕಬೇಕು, ಆಗಾಗ ಕತ್ತು ಸವರಬೇಕು. ಅವ್ವ ಟೀವಿಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಕಳ್ಳ ಎಷ್ಟು ಜನರನ್ನು ಗುಂಡಿಟ್ಟು ಕೆಡವಿದರೂ ಅವಳಿಗೆ ಲೆಕ್ಕವಿಲ್ಲ. ಕುದುರೆಯನ್ನು ಬಿಸಿಲಲ್ಲಿ ಕಟ್ಟಿ ಅವನು ಹೆಂಡದಂಗಡಿಗೆ ಹೋದರೆ ಮಾತ್ರ ಸಿಟ್ಟು ಬರುತ್ತಿತ್ತು. ನೆರಳಿಗೆ ಕಟ್ಟಿಸುವ ತನಕ ನಮ್ಮನ್ನು ಆಡಲು ಬಿಡುತ್ತಿರಲಿಲ್ಲ.

ಒಂದು ಸಂಜೆ ನಾನು ತುಂಬಾ ಹೊತ್ತು, ತುಂಬಾ ಪ್ರೀತಿಯಿಂದ ಆ ಕುದುರೆಯ ಮೈ ತಿಕ್ಕುತ್ತಿದ್ದೆ. ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನೋಡಿದಳು. ಮೆಚ್ಚಿಕೊಂಡಳು ಅಂದುಕೊಂಡೆ.

"ಅಲ್ಲಾ ಕಣ್ಲಾ, ಇಲ್ದೇ ಇರೋ ಕುದ್ರೇನ ಇಂಗ್ ತಿಕ್ತೀಯಲ್ಲ. ಕೊಟ್ಗೇಲಿ ಇರೋ ಅಸ ಏನ್ ಪಾಪ ಮಾಡಿತ್ಲಾ?"

ಅಣ್ಣ ನಕ್ಕ. ನಕ್ಕ ತಪ್ಪಿಗೆ ಅವನನ್ನೇ ಎಬ್ಬಿಸಿ ಹಸುವಿನ ಮೈ ತೊಳೆಯಲು ಕಳಿಸಿದಳು.

ಖಾತೆ ಯಾರ ಹೆಸರಲ್ಲಿ

ನಮ್ಮ ಸೋದರಮಾವ ಹೊಸ ಅಗ್ರಹಾರದವರು. ನಾಲೆ ನೀರು, ಭತ್ತದ ಗದ್ದೆ, ಹಾಗಾಗಿ ಮಳೆ ನಂಬಿದ ಖುಷ್ಕಿಯವರಾದ ನಮ್ಮನ್ನು ಕಂಡರೆ ಸ್ವಲ್ಪ ಕನಿಕರ. ಬಂದವರಿಗೆ ಮನೆಯ ಹೊಸ ಸಂಗತಿ ತೋರಿಸೋಣ ಅಂತ ಆಟ ಹಾಕಿದೆವು. ಆಗ ತಾನೇ ನಮ್ಮ ಕಳ್ಳ ರೈಲು ಅಡ್ಡಗಟ್ಟಿದ್ದ. ಗುಂಡು ಹಾರುತ್ತಿತ್ತು, ಜನ ಅರಚುತ್ತಿದ್ದರು. ಮಾವ ರೈಲಿನ ಕಡೆ ನೋಡಲೇ ಇಲ್ಲ, ಅದರ ಹಿಂದಿನ ಬಯಲನ್ನು ನೋಡುತ್ತಿದ್ದರು.

ಇಷ್ಟು ಜಮೀನು ಬೀಳು ಬಿಟ್ಟಿದ್ದಾರಲ್ಲ, ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿದರು. ಯಾರದ್ದೂ ಅಲ್ಲ ಅಂದೆವು. ಯಾರದ್ದೂ ಅಲ್ಲದ ಜಮೀನು ಅಂತ ಭೂಮಿ ಮೇಲೆ ಇಲ್ಲ, ಸರ್ವೆಯವರು ಇನ್ನೂ ಬಂದಿಲ್ಲ ಅಷ್ಟೆ ಅಂದರು. ಆಮೇಲೆ ರೈಲನ್ನು ಅಲ್ಲೇ ಬಿಟ್ಟು ಹೊಳೆಯ ದಂಡೆಗೆ ಹೋಗಲು ಹೇಳಿದರು. ಕಳ್ಳ ದರೋಡೆಯನ್ನು ಅರ್ಧಕ್ಕೆ ಬಿಟ್ಟು, ಮಾವನಿಗೆ ನಾಲೆ ಎಲ್ಲಿಂದ ತೆಗೆಯಬಹುದು ಅಂತ ತೋರಿಸುತ್ತಾ ಹೊಳೆಯುದ್ದಕ್ಕೂ ಕುದುರೆ ಓಡಿಸಿದ. ಕೊನೆಗೆ ಅವನು ಬಯಲಲ್ಲಿ ಒಲೆ ಹಚ್ಚಿ, ಕಂಬಳಿ ಹಾಸಿ, ಒಬ್ಬನೇ ಮಲಗಿದ. ಮಾವನಿಗೆ ಮರುಕ ಬಂತು.

"ಎರಡೆಕ್ರೆ ತರಿ ಗದ್ದೆ ಇದ್ದಿದ್ರೆ ಯಾರಾದ್ರೂ ಎಣ್ಣು ಕೊಟ್ಟಿರೋರು. ಇವ್ನು ಕಳ್ತನಕ್ಕೆ ಇಳೀತಾನೆ ಇರ್ನಿಲ್ಲ ಕಣ್ರಪ್ಪಾ."

ಪಾಳಿ

ಹೊಗೆಸೊಪ್ಪನ್ನು, ಅದನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿನೊಳಗೆ ತೂಗುಹಾಕಿ ಒಲೆ ಹಚ್ಚಿದ ಮೇಲೆ ಬೆಂಕಿ ಹೆಚ್ಚಲೂಬಾರದು, ಆರಲೂಬಾರದು. ಹಗಲೂ ರಾತ್ರಿ ಯಾರಾದರೂ ಸೌದೆ ಹಾಕುತ್ತಾ ಕಾಯಬೇಕು. ಅದಕ್ಕೆ ನಾನೂ ಅಣ್ಣನೂ ಪಾಳಿ ಮಾಡಿಕೊಂಡಿದ್ದೆವು. ಕುದುರೆ ಆಟಕ್ಕೂ ಪಾಳಿ ಇತ್ತು. ಎರಡಕ್ಕೂ ಒಂದೇ ಮಾತು ಇಟ್ಟುಕೊಂಡದ್ದೇ ನಮ್ಮ ಗ್ರಹಚಾರ.

ಅವತ್ತು ಅಣ್ಣ ಆಟದ ರಿಮೋಟನ್ನು ಮಂಚದ ಮೇಲೆ ಇಟ್ಟು, ನಿನ್ನ ಪಾಳಿ ಕಣ್ಲಾ ಅಂತ ಹೇಳಿ ಡೈರಿಗೆ ಹಾಲು ಹಾಕಲು ಹೋದ. ಅವನು ಹೇಳಿದ್ದು ಒಲೆಯ ಪಾಳಿ. ನಾನು ತಿಳಿದದ್ದು ರಿಮೋಟಿನ ಪಾಳಿ. ಕುದುರೆಯನ್ನು ಒಂದು ಹೆಂಡದಂಗಡಿಯ ಮುಂದೆ ಕಟ್ಟಿ, ಒಳಗೆ ಹೋಗಿ ಇಸ್ಪೀಟು ಆಡುತ್ತಾ ಕೂತೆ. ಅಣ್ಣ ಡೈರಿಯಲ್ಲಿ ಯಾರ ಜೊತೆಗೋ ಮಾತಿಗೆ ನಿಂತ. ಅವನು ಬರುವಷ್ಟರಲ್ಲಿ ಒಲೆ ಆರಿಹೋಗಿ, ಒಳಗಿದ್ದ ಸೊಪ್ಪು ಬಂಗಾರದ ಬಣ್ಣಕ್ಕೆ ಬರುವ ಬದಲು ಕಪ್ಪಾಗಿತ್ತು.

ಮಾತು ಅರ್ಥವಾಗದ ದಡ್ಡ ಅಂದ ಅವನು. ರಿಮೋಟನ್ನು ಕೈಯಲ್ಲಿ ಹಿಡಿದು ಪಾಳಿ ಅಂದರೆ ಯಾರಿಗೆ ತಾನೇ ಬೇರೆ ಅರ್ಥ ಬರುತ್ತದೆ ಅಂದೆ ನಾನು. ಅಲ್ಲಿಗೆ ನಿಂತಿದ್ದರೆ ಆಗಿತ್ತು. ಅಂಗಡಿ, ಹೊಲ, ಯಾರು ಹೆಚ್ಚು ದುಡಿದರು, ಯಾರು ನೆರಳಲ್ಲಿ ಕೂತರು, ಎಲ್ಲ ಬಂತು. ಇಷ್ಟೆಲ್ಲ ಆಗುವಾಗ ಟೀವಿ ಹಾಗೇ ಉರಿಯುತ್ತಿತ್ತು. ಇಸ್ಪೀಟು ಮೇಜಿನವನು ನನ್ನ ಮುಂದೆ ಎಲೆ ಹಿಡಿದುಕೊಂಡು, ಅವನ ಭಾಷೆಯಲ್ಲಿ, ನಿನ್ನ ಪಾಳಿ ಅಂತ ಕಾಯುತ್ತಾ ಕೂತಿದ್ದ.

ಪಾಲು

ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವ್ವ ಬೇಡ ಬೇಡ ಅಂದರೂ ಇಬ್ಬರೂ ಹಟ ಹಿಡಿದು ಪಾಲಿಗೆ ಕೂತೆವು. ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು, ಅದು ನಮ್ಮ ಕಡೆಯ ಪದ್ಧತಿ. ಸೋದರಮಾವನೇ ಮಧ್ಯಸ್ಥರು. ಹೊಲ, ಮನೆ, ಬ್ಯಾರನ್ನು, ಹಸು, ಹಂಡೆ, ಒನಕೆ, ಒಂದೊಂದಕ್ಕೂ ಜಗಳ. ಒಂದು ಈಳಿಗೆಮಣೆಗೆ ಅರ್ಧ ಮಧ್ಯಾಹ್ನ ಹೋಯಿತು. ಅವ್ವ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಅಂತಾಯಿತು. ಅದನ್ನು ಕೇಳಿ ಅವಳು ಒಳಗೆ ಎದ್ದುಹೋದಳು.

ಕೊನೆಗೆ ಉಳಿದದ್ದು ಕುದುರೆ ಆಟ. ಅದು ಎಷ್ಟು ಸಾಮಾನು ಅಂತ ಮಾವ ಕೇಳಿದರು. ಅಣ್ಣ ಪೆಟ್ಟಿಗೆಯನ್ನು ಒಂದು ಕಡೆ, ಸೀಡಿಯನ್ನು ಇನ್ನೊಂದು ಕಡೆ ಇಟ್ಟ. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇದನ್ನು ಬಿಡಿಸಬೇಡಿ ಅಂತ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಬೇರೆ ಮಾತೂ ಹೊರಡುತ್ತಿತ್ತೋ ಏನೋ. ನಾನು ಪೆಟ್ಟಿಗೆ ದೊಡ್ಡದು ಅಂತ ಪೆಟ್ಟಿಗೆಯನ್ನು ಎತ್ತಿಕೊಂಡೆ. ಅವನು ಸೀಡಿಯ ತಟ್ಟೆಯನ್ನು ಜೇಬಿಗೆ ಹಾಕಿಕೊಂಡ. ಮಾವ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

"ಬೆಳಗಿಂದ ಇದೊಂದ್ ಪಾಲ್ಗೆ ನೋಡ್ರಪ್ಪಾ, ಇಬ್ರೂ ತಕ್ರಾರ್ ಎತ್ನಿಲ್ಲ. ಇಂಗಿರ್ಬೇಕು."

ಬಹುವಚನ

ಪಾಲಾದ ಮೇಲೆ ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆ ಅಷ್ಟೇನೂ ನೋಯಿಸಲಿಲ್ಲ. ನೋಯಿಸಿದ್ದು ಅಣ್ಣ ನನಗೆ ಕೊಡಲು ಶುರುಮಾಡಿದ ಮರ್ಯಾದೆ. ಹುಟ್ಟಿದಾಗಿನಿಂದ ಲೇ, ಬಾರ್ಲಾ, ಹೋಗ್ಲಾ ಅಂತ ಕರೆದವನು ಬದುವಿನ ಮೇಲೆ ಎದುರಾದರೆ ಮೋಟಾರು ಆಫ್ ಮಾಡ್ಕೊಳಿ ಅನ್ನುತ್ತಿದ್ದ. ನೀರು ನೀವು ಬಿಟ್ಕೊಳಿ ಅನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೀವು ಅಂದವನಿಗೆ ಏನು ಹೇಳುವುದು? ನಾನೂ ಅಣ್ಣ ಅನ್ನುವುದನ್ನು ಬಿಟ್ಟು ಆ ಮನೆಯವರು ಅನ್ನತೊಡಗಿದೆ. ಒಮ್ಮೆ ಅವ್ವನ ಹತ್ತಿರ ಆ ಮನೆಯವರು ಎಲ್ಲಿ ಹೋದರು ಅಂತ ಕೇಳಿದ್ದಕ್ಕೆ, ಯಾವ ಮನೆಯವರು, ನಾನು ಹೆತ್ತವರಾ ಅಂದಳು.

ಆಟ ಆಡಬೇಕು ಅಂತ ಆಸೆಯಾಗುತ್ತಿತ್ತು. ಮೈಸೂರಿನ ಒಂದು ಅಂಗಡಿಯಲ್ಲಿ ಅದೇ ಸೀಡಿ ಕಂಡು ಕೈಗೂ ತೆಗೆದುಕೊಂಡೆ, ಮತ್ತೆ ಇಟ್ಟು ಬಂದೆ. ಒಬ್ಬನೇ ಕೂತು ಆಡಿದರೆ ಅದು ಬರೀ ಕಳ್ಳನ ಕಥೆ. ಮಂಚದ ಮೇಲೆ ಒಬ್ಬ ಮಲಗಿಕೊಂಡು, ಎಡಕ್ಕೆ ಹೋಗು ದಡ್ಡಾ ಅಂತ ಗೊಣಗುತ್ತಿದ್ದರೆ ಮಾತ್ರ ಅದು ನಮ್ಮ ಆಟ. ನನಗೆ ಬೇಕಾಗಿದ್ದದ್ದು ಆ ಗೊಣಗಾಟ.

ಅವ್ವನ ಚಿಂತೆಯೇ ಬೇರೆ. ಪ್ರತಿ ಸಲ ನಮ್ಮ ಮನೆಯ ಪಾಳಿಗೆ ಬಂದಾಗಲೂ ಕೇಳುತ್ತಿದ್ದಳು, ಆ ಕುದುರೆಯನ್ನು ಹೆಂಡದಂಗಡಿ ಮುಂದೆ ಕಟ್ಟಿ ಬಂದಿರಲ್ಲ, ನೀರು ಕುಡಿಸಿದವರುಂಟಾ ಅಂತ. ಆಟ ನಿಲ್ಲಿಸಿದ ಕಡೆಯೇ ನಿಂತಿರುತ್ತದೆ, ಅದಕ್ಕೆ ಹಸಿವೂ ಇಲ್ಲ ದಾಹವೂ ಇಲ್ಲ ಅಂತ ನಾನು ಬಿಡಿಸಿ ಹೇಳಿದೆ. ಅವಳು ಗೋಡೆಯ ಕಡೆ ನೋಡಿ, ನಿಂತಲ್ಲೇ ನಿಂತಿರೋದು ಏನು ಸುಖ ಅಂದಳು. ನಾನು ಚಾರ್ಜರು ಹುಡುಕುವವನಂತೆ ಎದ್ದು ಹೋದೆ.

ಗಿಣಿ ಕಾಯುವ ಸೀಡಿ

ಹೋದ ವರ್ಷ ಅಣ್ಣ ತನ್ನ ಪಾಲಿನ ಹೊಲಕ್ಕೆ ಮುಸುಕಿನ ಜೋಳ ಹಾಕಿದ್ದ. ತೆನೆ ಹಾಲುಗಟ್ಟುವ ಹೊತ್ತಿಗೆ ಗಿಣಿಗಳ ಕಾಟ. ಒಂದು ಬೆಳಿಗ್ಗೆ ನಾನು ಬದುವಿನ ಮೇಲೆ ಹೋಗುತ್ತಿದ್ದೇನೆ, ಅವನ ಜೋಳದ ನಡುವೆ ಏನೋ ಫಳ್ಳನೆ ಹೊಳೆಯಿತು. ನೋಡಿದರೆ ಗಳುವಿಗೆ ದಾರ ಕಟ್ಟಿ ಒಂದು ಸೀಡಿಯನ್ನು ನೇತುಹಾಕಿದ್ದಾನೆ. ಗಾಳಿಗೆ ತಿರುಗುತ್ತಿದೆ, ಬಿಸಿಲಿಗೆ ಮಿಂಚುತ್ತಿದೆ, ಗಿಣಿಗಳು ದೂರದಿಂದಲೇ ಕಿರುಚಿ ಹೋಗುತ್ತಿವೆ.

ಮಾತು ಬಿಟ್ಟದ್ದು ಸರಿ, ಗೋಡೆ ಕಟ್ಟಿದ್ದು ಸರಿ, ನಾವಿಬ್ಬರೂ ಕೂತು ಆಡಿದ ಆಟವನ್ನು ತಂದು ಗಿಣಿ ಓಡಿಸಲು ಕಟ್ಟುವುದೇ? ಅವತ್ತು ಎರಡರಲ್ಲಿ ಒಂದು ತೀರ್ಮಾನವಾಗಿಬಿಡಲಿ ಅಂತ ಅವನ ಹೊಲಕ್ಕೆ ನುಗ್ಗಿದೆ. ಹತ್ತಿರ ಹೋದಾಗ ಸೀಡಿ ನಿಧಾನಕ್ಕೆ ಈ ಕಡೆ ತಿರುಗಿತು. ಹಾರ ಹಾಕಿಕೊಂಡು, ಪೇಟ ಸುತ್ತಿಕೊಂಡು, ನನ್ನ ಮುಖವೇ ನನ್ನನ್ನು ನೋಡುತ್ತಿತ್ತು. ಪಕ್ಕದಲ್ಲಿ ತಲೆ ತಗ್ಗಿಸಿದ ನನ್ನ ಹೆಂಡತಿ. ಅದು ಮೇಲೆ ಫೋಟೋ ಅಚ್ಚು ಹಾಕಿಸಿದ್ದ ನಮ್ಮ ಮದುವೆಯ ಸೀಡಿ, ಪಾಲಾದಾಗ ಅಣ್ಣನ ಕಡೆಯ ಬೀರುವಿನಲ್ಲೇ ಉಳಿದುಹೋಗಿದ್ದದ್ದು.

ಅಣ್ಣ ಕುಡುಗೋಲು ಹಿಡಿದುಕೊಂಡು ಬಂದ. ನಾನು ಗೇಮಿನ ಸೀಡಿ ಅಂದುಕೊಂಡೆ ಅಂತ ಹೇಳಿದೆ.

"ಅದ್ನ ಯಾಕ್ ಕಟ್ಲಿ? ಅದು ಬೀರುವಲ್ಲಿ ಬಟ್ಟೆ ಸುತ್ತಿ ಮಡ್ಗಿವ್ನಿ," ಅಂದ. ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿ, "ಆ ಆಟ ಇನ್ನೂ ಮುಗ್ದಿಲ್ಲ. ನಿಮ್ ಮದ್ವೆ ಎಂಗೂ ಆಗೋಗೈತಲ್ಲ," ಅಂದ.

ಜಗಳಕ್ಕೆ ಅಂತ ಕೂಡಿಸಿಕೊಂಡು ಹೋದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಆಟ ಇನ್ನೂ ಮುಗಿದಿಲ್ಲ ಅಂದದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಮನೆಗೆ ಬಂದು ಹೆದರಿಕೊಂಡೇ ಹೆಂಡತಿಗೆ ಸೀಡಿಯ ವಿಷಯ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಅಲ್ಲೇ ಇರ್ಲಿ ಬುಡಿ. ಮನೇಲಿದ್ದಾಗ ಒಬ್ರೂ ನೋಡ್ನಿಲ್ಲ, ಈಗ ಗಿಣಿಗೋಳಾರ ನೋಡ್ತವೆ."

ಯಾವ ಗುಂಡಿ

ತಿಂಗಳು ಮುಗಿದಾಗ ಅವ್ವ ತಾನೇ ಗಂಟು ಹಿಡಿದುಕೊಂಡು ಗೋಡೆ ಸುತ್ತಿ ಬರುತ್ತಿದ್ದಳು. ಆ ಸಲ ಗಂಟು ಹೊತ್ತು ಅಣ್ಣನೂ ಬಂದ. ಹೊಸ್ತಿಲ ಹೊರಗೇ ನಿಂತ. ಬನ್ನಿ ಅಂದೆ. ಬಂದ. ಕೂತ್ಕೊಳಿ ಅಂದೆ. ಮಂಚದ ತುದಿಯಲ್ಲಿ, ಹೆಣ್ಣು ನೋಡಲು ಬಂದವರು ಕೂರುವ ಹಾಗೆ ಕೂತ. ನನ್ನ ಹೆಂಡತಿ ಕಾಫಿ ಕೊಟ್ಟಳು. ಕಾಫಿ ಕುಡಿದು, ಜೇಬಿನಿಂದ ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಸೀಡಿಯನ್ನು ಮಂಚದ ಮೇಲೆ ಇಟ್ಟ. ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸಿದೆ. ಇಷ್ಟು ವರ್ಷ ಕೆಲಸವಿಲ್ಲದೆ ಕೂತದ್ದು ಮತ್ತೆ ನಡೆಯುತ್ತದೋ ಇಲ್ಲವೋ ಅನ್ನುವ ಹೆದರಿಕೆ ಬರೀ ಪೆಟ್ಟಿಗೆಯ ಬಗ್ಗೆ ಆಗಿರಲಿಲ್ಲ.

ಪೆಟ್ಟಿಗೆ ಕೆಮ್ಮಿ, ಗುರುಗುಟ್ಟಿ, ಕಡೆಗೆ ಎದ್ದಿತು. ಕಳ್ಳ ಇಸ್ಪೀಟು ಮೇಜು ಬಿಟ್ಟು ಆಚೆ ಬಂದ. ಕುದುರೆ ಕಟ್ಟಿದಲ್ಲೇ ಇತ್ತು. ಅವ್ವ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಿಮೋಟು ಯಾರು ಹಿಡಿಯುವುದು ಅನ್ನುವುದೇ ಆಮೇಲಿನ ಸಮಸ್ಯೆಯಾಯಿತು. ನೀವು ಹಿಡ್ಕೊಳಿ ಅಂದೆ. ಪರವಾಗಿಲ್ಲ, ನೀವೇ ಆಡಿ ಅಂದ. ಇಲ್ಲ ಇಲ್ಲ, ನೀವು ದೊಡ್ಡವರು ಅಂದೆ. ನಮ್ಮಿಬ್ಬರ ಮರ್ಯಾದೆ ನೋಡಿ ಅವ್ವನಿಗೇ ನಾಚಿಕೆಯಾಗಿ, ರಿಮೋಟನ್ನು ತೆಗೆದು ಅಣ್ಣನ ತೊಡೆಯ ಮೇಲೆ ಹಾಕಿದಳು.

ಕೈಗೆ ಅಭ್ಯಾಸ ತಪ್ಪಿತ್ತು. ಕುದುರೆ ಹತ್ತಲು ಒಂದು ಗುಂಡಿ, ಗುದ್ದಲು ಪಕ್ಕದ ಗುಂಡಿ. ಅಣ್ಣ ಹತ್ತಲು ಹೋಗಿ, ಅಷ್ಟು ವರ್ಷ ತನಗಾಗಿ ನಿಂತಿದ್ದ ಕುದುರೆಯ ಬೆನ್ನಿಗೆ ಬಲವಾಗಿ ಒಂದು ಗುದ್ದು ಕೊಟ್ಟ. ಕುದುರೆ ತಿರುಗಿ ಹಿಂಗಾಲಲ್ಲಿ ಝಾಡಿಸಿತು. ಕಳ್ಳ ಹಾರಿ, ಹೆಂಡದಂಗಡಿಯ ಮುಂದಿನ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ. ಟೋಪಿ ಬೇರೆ ಕಡೆ ಬಿತ್ತು. ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಕುದ್ರೆ ಹಿಂದ್ಗಡೆ ನಿಂತ್ಕಬ್ಯಾಡ, ಮುಂದ್ಕೆ ಬಾರೋ" ಅಂತ ಕೂಗಿದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ಕೂಗಿದ ಮೇಲೆಯೇ ಏನು ಕರೆದೆ ಅಂತ ನನಗೆ ಗೊತ್ತಾದದ್ದು. ಅಣ್ಣ ರಿಮೋಟು ಹಿಡಿದುಕೊಂಡೇ ತಿರುಗಿದ. ಅವನ ಮುಖ ಕೆಂಪಾಗಿತ್ತು.

"ಯಾಕ್ಲಾ ಅಲ್ಲು ಕಿಸೀತೀಯಾ, ಬಡ್ಡೈದ್ನೆ? ಯಾವ್ ಗುಂಡಿ ಅಂತ ಯೋಳಕ್ಕಾಗಾಕಿಲ್ವಾ ನಿಂಗೆ?"

ಅಷ್ಟು ಮರ್ಯಾದೆಯಿಂದ ಅಣ್ಣ ನನ್ನನ್ನು ಮಾತಾಡಿಸಿ ವರ್ಷಗಳೇ ಆಗಿದ್ದವು.