ಕುರಿಹಟ್ಟಿಯಲ್ಲಿ ಕಾರು ಕೂಗಿದ್ದು

ಐವತ್ತು ದಾಟಿದ ಮೇಲೆ ಹುಟ್ಟುವ ಆಸೆಗಳು ತೀರಾ ಸಣ್ಣವಾಗಿರುತ್ತವೆ; ಅದಕ್ಕೇ ಅವನ್ನು ಯಾರ ಮುಂದೆಯೂ ಹೇಳಿಕೊಳ್ಳಲಾಗುವುದಿಲ್ಲ. ಮನೆ ಕಟ್ಟಬೇಕು, ಮಗಳ ಮದುವೆ ಮಾಡಬೇಕು ಎಂದರೆ ಜನ ತಲೆದೂಗುತ್ತಾರೆ. ನನಗೆ ಇದ್ದ ಆಸೆ ಇಷ್ಟೆ: ಕಾರಿನಿಂದ ಇಳಿದು, ಬಾಗಿಲು ಹಾಕಿ, ತಿರುಗಿ ನೋಡದೆ ನಾಲ್ಕು ಹೆಜ್ಜೆ ನಡೆದು, ಭುಜದ ಮೇಲಿಂದ ರಿಮೋಟು ಒತ್ತಬೇಕು. ಹಿಂದೆ ಕಾರು ‘ಕುಂಯ್ಕ್’ ಎಂದು ಒಪ್ಪಿಗೆ ಕೊಡಬೇಕು. ಕೊರಟಗೆರೆಯ ಕಲ್ಯಾಣ ಮಂಟಪವೊಂದರ ಮುಂದೆ ಯಾರೋ ಹೀಗೆ ಮಾಡಿ ಒಳಗೆ ಹೋದದ್ದನ್ನು ನೋಡಿದ್ದೆ. ಅವರು ವರನ ಕಡೆಯವರೋ ಅಡುಗೆಯವರೋ ಗೊತ್ತಿಲ್ಲ. ಆದರೆ ಆ ‘ಕುಂಯ್ಕ್’ ಕೇಳಿದ ಕೂಡಲೇ ಬಾಗಿಲಲ್ಲಿದ್ದವರೆಲ್ಲ ಅವರಿಗೆ ದಾರಿ ಬಿಟ್ಟರು. ನಾನು ನನ್ನ ಕಾರಿಗೆ ಬೀಗದ ಕೈ ತೂರಿಸಿ, ತಿರುಗಿಸಿ, ಹಿಡಿಯನ್ನು ಎರಡು ಸಲ ಎಳೆದು ನೋಡಿ ಬಂದಾಗ ಯಾರೂ ಬಿಡಲಿಲ್ಲ.

ನನ್ನ ಕಾರಿನ ಬಗ್ಗೆಯೂ ಹೇಳಿಬಿಡಬೇಕು. ನಾನು ಮಧುಗಿರಿಯಲ್ಲಿ ಮನೆ ಮಾಡಿಕೊಂಡು, ಪುರವರದ ಸುತ್ತಿನ ಹಳ್ಳಿಗಳಲ್ಲಿ ಕುರಿ, ಮೇಕೆ, ದನಗಳಿಗೆ ಲಸಿಕೆ ಹಾಕಿಕೊಂಡಿರುವ ಸರ್ಕಾರಿ ನೌಕರ. ಆ ಕಾರಿಗೆ ನಾನು ಮೂರನೆಯ ಯಜಮಾನ. ಅದರ ಸೀಟಿನಲ್ಲಿ ಕುರಿಯ ಉಣ್ಣೆ, ಡೆಟಾಲು, ಹಿಂಡಿ ಎಲ್ಲವೂ ಸೇರಿ ಒಂದು ಖಾಯಂ ವಾಸನೆ ನೆಲೆಸಿದೆ. ಅದಕ್ಕೆ ಅಲಾರಂ ಹಾಕಿಸುತ್ತೇನೆ ಎಂದಾಗ ನನ್ನ ಹೆಂಡತಿ ಸುಮಿತ್ರ ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ, “ರೀ, ಕಳ್ಳ ಅದರೊಳಗೆ ಕೂತ್ರೆ ವಾಸನೆಗೆ ತಾನೇ ಇಳಿದು ಓಡಿಹೋಗ್ತಾನೆ. ಅಲಾರಂ ಯಾಕೆ?” ಎಂದಳು. ನಾನು ಕಾಲ ಕೆಟ್ಟಿದೆ ಎಂದೆ. ‘ಕುಂಯ್ಕ್’ ಎನ್ನಿಸಲು ಎಂದು ಹೇಳುವ ಧೈರ್ಯ ಬರಲಿಲ್ಲ.

ಶಿರಾದಲ್ಲಿ ಹೆದ್ದಾರಿಯ ಪಕ್ಕದ ಅಂಗಡಿಯೊಂದರಲ್ಲಿ ಅದನ್ನು ಹಾಕಿಸಿದೆ. ಅಂಗಡಿಯ ಸಾಹೇಬರು ಬಹಳ ಸಜ್ಜನರು. ರಿಮೋಟಿನ ನಾಲ್ಕು ಗುಂಡಿಗಳನ್ನು ಒಂದೊಂದಾಗಿ ತೋರಿಸಿ, “ಇದು ಲಾಕು, ಇದು ಅನ್‌ಲಾಕು, ಇದು ಗಾಡಿ ಎಲ್ಲದೆ ಅಂತ ಹುಡುಕೋಕೆ, ಇದು ಖತರಾ ಬಂದ್ರೆ ಒತ್ತೋಕೆ. ಮತ್ತೆ ಕೇಳಿ ಸಾರ್, ನೀವು ಬೀಗ ಹಾಕೋದು ಮರ್ತ್ರೂ ಗಾಡಿ ಮರೆಯಲ್ಲ. ಬಾಗಿಲು ಮುಚ್ಚಿ ಅರ್ಧ ನಿಮಿಷಕ್ಕೆ ತಾನೇ ಲಾಕ್ ಮಾಡ್ಕಂತದೆ. ಫಿಕರ್ರೇ ಬ್ಯಾಡ!” ಎಂದರು. ಯಾರಾದರೂ ಕಾರನ್ನು ಮುಟ್ಟಿದರೆ ಕೂಗುತ್ತದೆ, ಒದ್ದರೆ ಇನ್ನೂ ಜೋರಾಗಿ ಕೂಗುತ್ತದೆ ಎಂದೂ ಹೇಳಿದರು. ಎರಡು ರಿಮೋಟು ಕೊಟ್ಟರು. ಜೊತೆಗೆ ಒಂದು ಪುಟ್ಟ ಪುಸ್ತಕ. ಅದು ಇಂಗ್ಲಿಷಿನಲ್ಲಿದೆ ಎಂದುಕೊಂಡು ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟರಿಗೆ ಕೊಟ್ಟೆ. ಅವರು ಎರಡು ದಿನ ಇಟ್ಟುಕೊಂಡು, “ಅಕ್ಷರ ಮಾತ್ರ ಇಂಗ್ಲಿಷಿನವು” ಎಂದು ವಾಪಸು ಕೊಟ್ಟರು.

ಮೊದಲ ವಾರವೇ ನನಗೂ ಕಾರಿಗೂ ಮಾತು ಕೆಟ್ಟಿತು. ಬೀಗ ತೆಗೆಯಲು ಒತ್ತಿದರೆ ದೀಪ ಮಿನುಗಿಸುತ್ತಿತ್ತು. ಹಾಕಲು ಒತ್ತಿದರೆ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಮೂರು ಸಲ ಗದರುತ್ತಿತ್ತು. ಬೀದಿಯ ಬೆಕ್ಕು ಬಾನೆಟ್ಟಿನ ಮೇಲೆ ಮಲಗಿದರೆ ಸುಮ್ಮನಿರುತ್ತಿತ್ತು, ಎದ್ದು ಮೈಮುರಿದರೆ ಅರಚುತ್ತಿತ್ತು. ಒಮ್ಮೆ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಪ್ಯಾಂಟಿನ ಜೇಬಿನಲ್ಲಿದ್ದ ರಿಮೋಟಿನ ಗುಂಡಿ ತಾನೇ ಒತ್ತಿಕೊಂಡು, ಹೊರಗೆ ನನ್ನ ಕಾರು ಬೊಬ್ಬೆ ಹಾಕತೊಡಗಿತು. ನನ್ನ ಗಂಟಲ ಮೇಲೆ ಕತ್ತಿಯಿಟ್ಟಿದ್ದ ಅಂಗಡಿಯವನು, “ಯಾವನ್ಲಾ ಅವ್ನು, ಜ್ಞಾನ ಇಲ್ದೋನು!” ಎಂದ. ಕತ್ತಿ ಇದ್ದ ಜಾಗ ನೋಡಿ ನಾನೂ, “ಯಾವನೋ ಏನೋಪ್ಪ” ಎಂದುಬಿಟ್ಟೆ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಪುರವರದ ಆಚೆ ಒಂದು ಹಟ್ಟಿ ಇದೆ. ಅಲ್ಲಿ ಎಲ್ಲರೂ ಕುರಿ ಸಾಕುವವರು. ಹಿಂದಿನ ವರ್ಷ ಮಳೆ ಬಿದ್ದು ಹಸಿರು ಚಿಗುರಿದ ಹೊತ್ತಿನಲ್ಲಿ ಕರುಳುಬೇನೆ ಬಂದು ಅವರ ಮರಿಗಳು ಸಾಲಾಗಿ ಸತ್ತಿದ್ದವು. ಅದಕ್ಕೆ ಈ ಸಲ ಮಳೆಗೆ ಮುಂಚೆಯೇ ಲಸಿಕೆ ಹಾಕಿಸಬೇಕೆಂದು ಹಟ್ಟಿಯ ಹಿರಿಯಳು ಕೆಂಚಮ್ಮ ನಾಲ್ಕು ಸಲ ಫೋನು ಮಾಡಿಸಿದ್ದಳು. ನಾನು ಹೋದ ದಿನ ಒಂದು ಕುರಿಯನ್ನೂ ಮೇಯಲು ಬಿಡದೆ, ಎಲ್ಲವನ್ನೂ ಮುಳ್ಳುಬೇಲಿಯ ರೊಪ್ಪದೊಳಗೆ ಕೂಡಿಹಾಕಿಕೊಂಡು ಕಾಯುತ್ತಿದ್ದರು. ಹಸಿದ ಕುರಿಗಳ ಕೂಗು ಅರ್ಧ ಮೈಲಿ ದೂರಕ್ಕೇ ಕೇಳುತ್ತಿತ್ತು.

ಕಾರನ್ನು ರೊಪ್ಪದ ಹತ್ತಿರವೇ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಲಸಿಕೆಯ ಐಸ್ ಡಬ್ಬ ಇತ್ತು. ಅದನ್ನು ಕೊನೆಯ ಗಳಿಗೆಯಲ್ಲಿ ಇಳಿಸೋಣವೆಂದು ಮೊದಲು ಸಿರಿಂಜು, ಸೂಜಿಗಳ ಚೀಲವನ್ನಷ್ಟೇ ತೆಗೆದುಕೊಂಡೆ. ಎರಡೂ ಕೈ ತುಂಬಿದ್ದರಿಂದ ಬೀಗದ ಗೊಂಚಲನ್ನು ಸೀಟಿನ ಮೇಲೆ ಇಟ್ಟೆ. ರಿಮೋಟು ಅದರಲ್ಲೇ ಇತ್ತು. ಬಾಗಿಲನ್ನು ಸೊಂಟದಿಂದ ತಳ್ಳಿದೆ. ನೆರಳಿನಲ್ಲಿ ಚಾಪೆ ಹಾಸಿ, ಸೂಜಿ ಜೋಡಿಸುತ್ತಿದ್ದೆ. ಹಿಂದಿನಿಂದ ‘ಕುಂಯ್ಕ್’ ಎಂದಿತು.

ಅದರ ಅರ್ಥ ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಓಡಿಹೋಗಿ ಹಿಡಿ ಎಳೆದೆ. ಎಳೆದ ರಭಸಕ್ಕೆ ಕಾರು ನನ್ನನ್ನೇ ಕಳ್ಳನೆಂದು ತಿಳಿದು ಅರಚಿತು. ಅಂಥ ಸದ್ದನ್ನು ಆ ಹಟ್ಟಿಯ ಕುರಿಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಂದು ಟಗರು ಬೇಲಿಯನ್ನು ಹಾಯ್ದು ಸೀಳಿತು. ಉಳಿದವು ಅದರ ಹಿಂದೆ ಹೋದವು. ನಾನು ನೋಡುನೋಡುತ್ತಿದ್ದಂತೆ ರೊಪ್ಪ ಖಾಲಿಯಾಗಿ, ಎದುರಿನ ಕಲ್ಲುಗುಡ್ಡದ ತುಂಬ ಕುರಿಗಳು ಚೆಲ್ಲಿಹೋದವು.

“ಅಯ್ಯೋ ನನ್ ಶಿವ್ನೇ! ಬೆಳಗಿಂದ ಕೂಡಾಕಿದ್ನಲ್ಲಪ್ಪೋ!” ಎಂದು ಕೆಂಚಮ್ಮ ಎದೆ ಬಡಿದುಕೊಂಡಳು. ಅವಳ ಮಗ ಈರಣ್ಣ ನಲವತ್ತರ ಆಸುಪಾಸಿನ ಗಟ್ಟಿ ಆಳು. ಕಾರನ್ನು ಒಂದು ಸುತ್ತು ಹಾಕಿ ನೋಡಿ, “ಏನ್ ಸಾರ್ ಇದು, ಯಾಕಿಂಗ್ ಬಡ್ಕೊಂತೈತೆ?” ಎಂದ. ಕಳ್ಳರು ಬಂದರೆ ಕೂಗಲಿ ಎಂದು ಹಾಕಿಸಿದ್ದು ಎಂದೆ. ಕೆಂಚಮ್ಮ ಕಣ್ಣೊರೆಸಿಕೊಂಡು, “ನಮ್ ನಾಯಿ ಕಳ್ಳ ಬಂದ್ರೆ ಕೂಗ್ತದೆ ಕಣಪ್ಪ. ನಿಂದು ಯಜಮಾನ ಬಂದ್ರೂ ಕೂಗ್ತದಲ್ಲ. ಇಂಥದ್ನ ಯಾಕ್ ಸಾಕ್ದೆ?” ಎಂದಳು.

ಕಾರು ತಾನಾಗಿ ಸುಮ್ಮನಾದ ಮೇಲೆ ಸುಮಿತ್ರಳಿಗೆ ಫೋನು ಮಾಡಿದೆ. ಇನ್ನೊಂದು ರಿಮೋಟು ಮನೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಯಲ್ಲಿತ್ತು. ಬೀಗದ ಕೈಯೂ ಅದರಲ್ಲೇ. “ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ ಇರಿ,” ಎಂದಳು. ಅಷ್ಟರಲ್ಲಿ ಈರಣ್ಣನಿಗೆ ಒಂದು ವಿಷಯ ನೆನಪಾಯಿತು. ಮೊಬೈಲಿನಲ್ಲಿ ಯಾರೋ ಕಳಿಸಿದ್ದರಂತೆ: ಮನೆಯಲ್ಲಿರುವವರು ಫೋನಿನ ಹತ್ತಿರ ರಿಮೋಟು ಒತ್ತಿದರೆ, ಇಲ್ಲಿ ಫೋನನ್ನು ಕಾರಿಗೆ ಹಿಡಿದರೆ ಸಾಕಂತೆ, ಬಾಗಿಲು ತೆಗೆಯುತ್ತದಂತೆ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ನಾನು ವಿಜ್ಞಾನ ಓದಿದವನು. ಆದರೂ ಫೋನನ್ನು ಕಾರಿನ ಕಿಟಕಿಗೆ ಹಿಡಿದುಕೊಂಡು, “ಒತ್ತು ಸುಮಿತ್ರ, ಒತ್ತು!” ಎಂದು ಕೂಗಿದೆ. ಹಟ್ಟಿಯ ಹೆಂಗಸರು, ಮುದುಕರೆಲ್ಲ ಸುತ್ತ ನಿಂತು ನೋಡುತ್ತಿದ್ದರು. “ಒತ್ತಾ ಇದೀನಲ್ರೀ!” ಎಂದು ಫೋನು ಕೂಗಿತು. ಕಾರು ಕದಲಲಿಲ್ಲ. “ಅಮ್ಮಾರು ಜೋರಾಗಿ ಒತ್ತಿಲ್ಲ ಅನ್ಸುತ್ತೆ ಸಾರ್,” ಎಂದ ಈರಣ್ಣ.

ಬಿಸಿಲು ಏರತೊಡಗಿತು. ನನಗೆ ನಿಜವಾದ ಭಯ ಶುರುವಾದದ್ದು ಆಗ. ಲಸಿಕೆ ತಣ್ಣಗಿರಬೇಕು. ಕಾದರೆ ಅದು ಬರೀ ನೀರು. ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮುಚ್ಚಿದ ಕಾರಿನೊಳಗೆ ಬಿಸಿಲಿನಲ್ಲಿ ಆ ಡಬ್ಬದ ಐಸು ಎಷ್ಟು ಹೊತ್ತು ತಡೆದೀತು? ಮತ್ತೆ ಹೊಸ ಲಸಿಕೆ ಬರಲು ಎಷ್ಟು ದಿನವೋ. ಮೋಡ ಆಗಲೇ ಒಂದೆರಡು ಸಂಜೆ ಕಟ್ಟಿಕೊಂಡು ಹೋಗಿತ್ತು. ಇದನ್ನು ಕೆಂಚಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಬೈಯಲಿಲ್ಲ. “ಲೇ ಈರ, ಕಂಬ್ಳಿ ತರ್ರೋ. ನೀರ್ನಾಗೆ ಅದ್ದಿ ಹೊದ್ಸನ,” ಎಂದಳು.

ಮನೆಮನೆಯಿಂದ ಕರಿಕಂಬಳಿಗಳು ಬಂದವು. ಕುಡಿಯಲು ಹಿಡಿದಿಟ್ಟ ಕೊಡದ ನೀರಿನಲ್ಲೇ ಅದ್ದಿದರು. ಮೊದಲ ಕಂಬಳಿ ತಗುಲಿದ ಕೂಡಲೇ ಕಾರು ಮತ್ತೆ ಕೂಗಿತು. ಗುಡ್ಡದಿಂದ ಆಗಷ್ಟೇ ಇಳಿಯುತ್ತಿದ್ದ ಕುರಿಗಳು ತಿರುಗಿ ಮೇಲೆ ಓಡಿದವು. ಎರಡನೆಯ ಕಂಬಳಿಗೆ ಇನ್ನೊಮ್ಮೆ ಕೂಗಿತು. ಐದನೆಯದನ್ನು ಹೊದೆಸುವಷ್ಟರಲ್ಲಿ ಅದರ ದನಿ ಒಳಗಿನಿಂದ, ಚಳಿಜ್ವರ ಬಂದವರ ನರಳಾಟದ ಹಾಗೆ ಕೇಳುತ್ತಿತ್ತು. ನಾನು ಒಂದು ಮೂಲೆಯಲ್ಲಿ ನಿಂತು ಕಂಬಳಿಯ ಅಂಚು ಹಿಡಿದುಕೊಂಡಿದ್ದೆ. ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ.

“ಗಾಜು ಒಡ್ದುಬುಡ್ಲಾ ಸಾರ್?” ಎಂದು ಈರಣ್ಣ ಕೇಳಿದ. ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ಅವನು ಕೇಳಿದ್ದು ಇದೇ ಮೊದಲಲ್ಲ. ಕಾರು ಬೀಗ ಹಾಕಿಕೊಂಡ ಅರ್ಧ ಗಂಟೆಗೇ ಕೇಳಿದ್ದ. ನಾನು ಬಸ್ಸು ಬರಲಿ ಎಂದಿದ್ದೆ. ಆಮೇಲೆ ಕೇಳಿದಾಗ ಇನ್ನು ಹತ್ತು ನಿಮಿಷ ಎಂದಿದ್ದೆ. ಕುಡಿಯುವ ನೀರನ್ನೂ ಹೊದೆಯುವ ಕಂಬಳಿಯನ್ನೂ ಅವರು ತಂದು ಸುರಿಯುತ್ತಿದ್ದಾಗ ನಾನು ನನ್ನ ಗಾಜಿನ ಚಿಂತೆಯಲ್ಲಿದ್ದೆ. ಕೆಂಚಮ್ಮ ನನ್ನ ಮುಖ ನೋಡಿ, ಇನ್ನೊಂದು ಕೊಡ ನೀರು ತರಲು ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಒಡಿಯಪ್ಪ,” ಎಂದೆ. ಗುಡ್ಡದ ಕುರಿಗಳನ್ನು ಇನ್ನೂ ದೂರ ಅಟ್ಟಿದರು. ಹೆಂಗಸರು ಕಿವಿ ಮುಚ್ಚಿಕೊಂಡರು. ಈರಣ್ಣ ಹಿಂದಿನ ಬಾಗಿಲಿನ ಕಂಬಳಿ ಸರಿಸಿ, ಎರಡು ಕೈಯಲ್ಲಿ ಕಲ್ಲೆತ್ತಿ ಬಾರಿಸಿದ. ಗಾಜು ಪುಡಿಪುಡಿಯಾಗಿ ಒಳಗೆ ಬಿತ್ತು. ಅವನು ಕೈ ಹಾಕಿ ಐಸ್ ಡಬ್ಬವನ್ನು ಎತ್ತಿಕೊಂಡ. ನನ್ನ ಬೀಗದ ಗೊಂಚಲನ್ನೂ ತೆಗೆದು ಕೊಟ್ಟ. ಬೆಕ್ಕು ಮೈಮುರಿದರೆ ಅರಚುತ್ತಿದ್ದ, ಯಜಮಾನ ಮುಟ್ಟಿದರೆ ಬೊಬ್ಬೆ ಹಾಕುತ್ತಿದ್ದ ಆ ಕಾರು, ಹಾಡುಹಗಲಲ್ಲಿ ಕಲ್ಲಿನಿಂದ ಕಿಟಕಿ ಒಡೆದು ಸಾಮಾನು ಎತ್ತಿಕೊಂಡು ಹೋಗುವಾಗ ಒಂದು ಸೊಲ್ಲೂ ಎತ್ತಲಿಲ್ಲ.

ಡಬ್ಬ ತೆರೆದು ನೋಡಿದರೆ ಐಸು ಇನ್ನೂ ಇತ್ತು. ತೆಳ್ಳಗಾಗಿತ್ತು, ಆದರೆ ಇತ್ತು. ಶೀಸೆಗಳು ತಣ್ಣಗೆ ಕೈ ಕೊರೆಯುತ್ತಿದ್ದವು. ಕೆಂಚಮ್ಮ ಗುಡ್ಡದ ಬುಡಕ್ಕೆ ಹೋಗಿ ನಿಂತು, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಥರ ಸದ್ದು ಮಾಡಿದಳು. ದೊಡ್ಡ ಸದ್ದೇನಲ್ಲ. ಕಲ್ಲುಬಂಡೆಗಳ ನಡುವಿನಿಂದ ಒಂದೊಂದೇ ಕುರಿ ತಲೆ ಹೊರಗೆ ಹಾಕಿತು, ಆಮೇಲೆ ಹಿಂಡು ಹಿಂಡಾಗಿ ಇಳಿದುಬಂದವು. ನಾವು ಲಸಿಕೆ ಶುರುಮಾಡಿ ಇಪ್ಪತ್ತು ಕುರಿ ಮುಗಿಸುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಇಳಿದು, ಸುಮಿತ್ರ ಕರವಸ್ತ್ರದಲ್ಲಿ ಕಟ್ಟಿ ಕಳಿಸಿದ್ದ ರಿಮೋಟನ್ನು ಎತ್ತಿ ಹಿಡಿದು, “ಅರ್ಜೆಂಟಂತಲ್ಲ ಸಾರ್!” ಎಂದ.

ಸಂಜೆಯ ಹೊತ್ತಿಗೆ ಕೊನೆಯ ಮರಿಯೂ ಮುಗಿಯಿತು. ಆ ಮಳೆಗಾಲ ಆ ಹಟ್ಟಿಯಲ್ಲಿ ಕರುಳುಬೇನೆ ಬರಲಿಲ್ಲ. ಅದಕ್ಕೆ ಕಂಬಳಿಗಳೇ ಕಾರಣವೆಂದು ನಾನು ಇಲಾಖೆಯ ವರದಿಯಲ್ಲಿ ಬರೆಯಲಿಲ್ಲವಷ್ಟೆ. ಲಸಿಕೆ ಹಾಕಿದ ಮಾರನೆಯ ದಿನವೇ ಶಿರಾಕ್ಕೆ ಹೋಗಿ ಅಂಗಡಿಯ ಸಾಹೇಬರ ಮೇಲೆ ಹಾರಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, “ಮೇಲಿಂದ ಮೇಲೆ ಕೂಗಿದ್ರೆ ಅದು ಸುಮ್ನಾಗ್ತದೆ ಸಾರ್, ಬ್ಯಾಟ್ರಿ ಖಾಲಿ ಆಗ್ಬಾರ್ದು ಅಂತ. ಅದೂ ಒಂದು ಫೀಚರ್ರು. ಬುಕ್ಕಲ್ಲಿ ಇತ್ತಲ್ಲ?” ಎಂದರು. ಸೈರನ್ನಿನ ತಂತಿ ಕತ್ತರಿಸಿ ಎಂದೆ. ಕತ್ತರಿಸಿದರು.

ಇದಾಗಿ ಎರಡು ವಾರಕ್ಕೆ ಪಾವಗಡದಲ್ಲಿ ನಮ್ಮೆಲ್ಲರಿಗೂ ಒಂದು ತರಬೇತಿ ಇತ್ತು. ಜಿಲ್ಲೆಯಿಂದ ಬಂದ ಅಧಿಕಾರಿಗಳು ಮಾತಾಡುತ್ತಿದ್ದರು. ಹೊರಗೆ ಕಾರೊಂದು ಕೂಗತೊಡಗಿತು. ನಾನು ಕುರ್ಚಿಯಿಂದ ಹಾರಿ ಎದ್ದು, ಎಲ್ಲರಿಗೂ ಕೈಮುಗಿದು, “ಕ್ಷಮಿಸಿ, ಕ್ಷಮಿಸಿ” ಎನ್ನುತ್ತ ಹೊರಗೆ ಓಡಿ, ಜೇಬಿನಿಂದ ರಿಮೋಟು ತೆಗೆದು ಒತ್ತಿದೆ. ಕೂಗು ನಿಂತಿತು. ನಿಂತ ಮೇಲೆ ನೆನಪಾಯಿತು, ನನ್ನ ಕಾರಿಗೆ ದನಿಯೇ ಇಲ್ಲ. ಕೂಗಿದ್ದು ಅಧಿಕಾರಿಗಳ ಕಾರು, ತನ್ನ ಪಾಡಿಗೆ ತಾನು ಸುಮ್ಮನಾಗಿತ್ತು. ಬಾಗಿಲಲ್ಲಿ ಜನ ನೆರೆದಿದ್ದರು. ವೈ.ಎನ್. ಹೊಸಕೋಟೆಯ ಕಡೆ ಕೆಲಸ ಮಾಡುವ ನಾಗರೆಡ್ಡಿ, “ಅಬ್ಬಬ್ಬಾ! ಏಮಿ ಸಾರ್ ಇದಿ, ಅವ್ರ ಗಾಡೀನ ನಿಮ್ ರಿಮೋಟಿಂದ ಬಂದ್ ಮಾಡಿಬಿಟ್ರಲ್ಲ!” ಎಂದು ಬೆರಗಾದರು. ಅಧಿಕಾರಿಗಳೇ ಮುಂದೆ ಬಂದು ತಮ್ಮ ರಿಮೋಟನ್ನು ನನ್ನ ಕೈಗಿತ್ತು, “ಎರಡು ತಿಂಗಳಿಂದ ಪ್ರಾಣ ತಿಂತಿದೆ ರೀ. ಸ್ವಲ್ಪ ನೋಡಿ,” ಎಂದರು.

ಆಗ ನಾನು ನಿಜ ಹೇಳಬಹುದಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದೆ. ಆದರೆ ಅಷ್ಟು ಜನ ಅಷ್ಟು ಗೌರವದಿಂದ ನನ್ನ ಕಡೆ ನೋಡಿದ್ದು ನೌಕರಿಗೆ ಸೇರಿದ ಮೇಲೆ ಅದೇ ಮೊದಲು. ರಿಮೋಟನ್ನು ತಿರುಗಿಸಿ ನೋಡಿದೆ, ಎಮ್ಮೆಯ ಕಿವಿ ಮುಟ್ಟಿ ಜ್ವರ ನೋಡುವವನ ಹಾಗೆ ಹುಬ್ಬು ಗಂಟಿಕ್ಕಿದೆ, ವಾಪಸು ಕೊಡುತ್ತ ಹೇಳಿದೆ:

“ಏನೂ ತೊಂದ್ರೆ ಇಲ್ಲ ಸಾರ್. ಉಪಯೋಗಿಸೋದು ಗೊತ್ತಿರ್ಬೇಕು, ಅಷ್ಟೆ.”