ನನ್ನಾಕೆಯ ಸೈಕಲ್ಲಿಗೆ ಮೋಟಾರು ಕೂರಿಸಿದ್ದು

ಮುನವಳ್ಳಿಯ ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ವಿದ್ಯುತ್ ಮೋಟಾರಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸಬಲ್ಲೆ. ಬಾಣ ಹಾಕಿ ಭಾಗಗಳ ಹೆಸರನ್ನೂ ಬರೆಯಬಲ್ಲೆ. ಇಂಥವನಿಗೆ ಒಂದು ಸೈಕಲ್ಲಿಗೆ ಮೋಟಾರು ಕೂರಿಸುವುದು ಎಷ್ಟರ ಕೆಲಸ? ಒಂದು ಭಾನುವಾರದ್ದು. ಹೆಚ್ಚೆಂದರೆ ಮಧ್ಯಾಹ್ನದ ಊಟದವರೆಗೆ!

ಸೈಕಲ್ಲು ನನ್ನ ಹೆಂಡತಿ ಸುಮಂಗಲಾಳದು. ಆಕೆ ಮನೆಯಲ್ಲಿ ಜಂಪರು, ಅಂದರೆ ರವಿಕೆ, ಹೊಲಿಯುತ್ತಾಳೆ. ಹೊಲಿದದ್ದನ್ನು ಊರೊಳಗಷ್ಟೇ ಅಲ್ಲ, ನವಿಲುತೀರ್ಥದ ಏರಿನ ಮೇಲಿರುವ ಮನೆಗಳವರೆಗೂ ತಾನೇ ಮುಟ್ಟಿಸಿ ಬರುತ್ತಾಳೆ. ಮೊದಲ ವರ್ಷದ ಹೊಲಿಗೆಯ ದುಡ್ಡಿನಲ್ಲಿ ಕೊಂಡ ಸೈಕಲ್ಲದು. ಈಚೆಗೆ ಮೊಣಕಾಲು ನೋವು ಶುರುವಾಗಿ, ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕಾಗುತ್ತಿತ್ತು.

"ಸ್ಕೂಟರ್ ತಗೊಳ್ಳೋಣು" ಎಂದೆ.

"ಬ್ಯಾಡ್ರಿ. ನಾ ಈ ಸೈಕಲ್ಲ ಬಿಡಂಗಿಲ್ಲ. ಆಗಲಿಲ್ಲಂದ್ರ ಏರಿನ ಮ್ಯಾಲಿನ ಗಿರಾಕಿನ್ನ ಬಿಡ್ತೇನಿ" ಎಂದು ನಕ್ಕಳು. ಆದರೆ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ಆ ನಗು ನನಗೆ ಸಹಿಸಲಾಗಲಿಲ್ಲ. ಅಂದೇ ಘೋಷಿಸಿದೆ: "ನಿನ್ನ ಸೈಕಲ್ಲಿಗೇ ಮೋಟಾರ್ ಕೂಡ್ರಸ್ತೇನಿ!"

"ನೀವು ಬಿಚ್ಚಿದ ಮಿಕ್ಸರ್ ಇನ್ನೂ ಡಬ್ಬಿಯೊಳಗ ಐತ್ರಿ."

"ಅದು ಬ್ಯಾರೆ ವಿಷಯ" ಎಂದೆ. ವಿಜ್ಞಾನಿಗಳಿಗೆ ಮನೆಯವರಿಂದಲೇ ಮೊದಲ ವಿರೋಧ ಬರುವುದು.

ಮೋಟಾರು, ಬ್ಯಾಟರಿ, ಸ್ಕೂಟರಿನ ಹಾಗೆ ತಿರುಗಿಸುವ ಎಕ್ಸಲರೇಟರ್ ಹಿಡಿಕೆ ಎಲ್ಲವನ್ನೂ ತರಿಸಿದೆ. ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದೆ. ವೆಲ್ಡಿಂಗ್ ಅಂಗಡಿಯ ದಾದಾಪೀರ್ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಸರ್ರ, ಮೋಟಾರಿನ ಈ ತಗಡು ಇಲ್ಲಿ ಕೂಡ್ರಿಸಿದ್ರ ಹಿಂದಿನ ಬ್ರೇಕಿಗೆ ಜಾಗಾನ ಇಲ್ಲಲ್ರೀ?"

"ತಗದ ಬಿಡು. ಮುಂದಿನ ಬ್ರೇಕ್ ಐತಲ್ಲ!"

ಅವನು ನನ್ನ ಮುಖ ನೋಡಿದ. ನಾನು ಮಾಸ್ತರ, ಅವನು ಹಳೆಯ ವಿದ್ಯಾರ್ಥಿ. ಸುಮ್ಮನೆ ವೆಲ್ಡ್ ಮಾಡಿದ. ಸೀಟಿನ ಹಿಂದೆ ಬಿಗಿಯಲು ಬ್ಯಾಟರಿಗೊಂದು ಪೆಟ್ಟಿಗೆ ಬೇಕಿತ್ತು. ಅಡುಗೆಮನೆಯಲ್ಲಿ ಸರಿಯಾದ ಅಳತೆಯದೊಂದು ಸಿಕ್ಕಿತು. ಸಂಡಿಗೆ ಡಬ್ಬಿ! ಅದರೊಳಗಿನ ಸಂಡಿಗೆಯನ್ನು ನಾನು ಗೌರವಪೂರ್ವಕವಾಗಿ ಬೋಗುಣಿಗೆ ವರ್ಗಾಯಿಸಿದೆ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಸೈಕಲ್ ಏರಿದೆ. ಓಣಿಯವರೆಲ್ಲ ಹೊರಗೆ ಬಂದಿದ್ದರು. ಎದುರು ಮನೆಯ ಈರಪ್ಪಣ್ಣ, ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದ. ನಾನು ಗಂಭೀರವಾಗಿ ಮುಂದೆ ನೋಡಿ ಹಿಡಿಕೆ ತಿರುಗಿಸಿದೆ.

ಸೈಕಲ್ಲು ಹೊರಟಿತು. ಹಿಂದಕ್ಕೆ!

ಗಾಲಿ ಹಿಂದಕ್ಕೆ ತಿರುಗಿದರೆ ಪೆಡಲೂ ಹಿಂದಕ್ಕೆ ತಿರುಗುತ್ತದೆ ಎಂಬ ವೈಜ್ಞಾನಿಕ ಸತ್ಯವನ್ನು ನನ್ನ ಎರಡೂ ಮೀನಖಂಡಗಳು ಆ ಕ್ಷಣ ಕಂಡುಕೊಂಡವು. ನಾನು ಕಾಲು ಮೇಲೆತ್ತಿಕೊಂಡೆ. ಈರಪ್ಪಣ್ಣನಿಗೆ ಹಳೆಯ ವೃತ್ತಿ ಮೈಮೇಲೆ ಬಂತು. ಚಹಾ ಕೆಳಗಿಟ್ಟು ಎದ್ದು ನಿಂತ.

"ಬರ್ಲಿ... ಬರ್ಲಿ... ರೈಟಿಗೆ ಬರ್ಲಿ... ಹೋಲ್ಡಾನ್! ಹೋಲ್ಡಾನ್ ಮಾಸ್ತರ!"

ಹೋಲ್ಡಾನ್ ಆದದ್ದು ಅವರ ಮನೆಯ ಶ್ಯಾವಿಗೆ ಒಣಹಾಕಿದ ಹೊರಸಿನ ಮೇಲೆ. ಸೈಕಲ್ಲಿನ ಹಿಡಿಕೆ ಕಿತ್ತು ನನ್ನ ಕೈಯಲ್ಲಿತ್ತು. ಶ್ಯಾವಿಗೆ ತಲೆಯ ಮೇಲಿತ್ತು.

ಸುಮಂಗಲಾ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು. ನನ್ನನ್ನೂ ಮೋಟಾರನ್ನೂ ಒಮ್ಮೆ ನೋಡಿದಳು.

"ನನ್ನ ಹೊಲಿಗಿ ಮಷೀನಿನ ಮೋಟಾರೂ ಒಮ್ಮಿ ಹಿಂಗ ಉಲ್ಟಾ ತಿರಗಿತ್ರಿ. ಇದರ ಎರಡು ವಯರ್ ಅದಲು ಬದಲು ಮಾಡಿ ನೋಡ್ರಿ."

"ನಾನೂ ಅದನ್ನ ಹೇಳಾಂವ ಇದ್ದೆ" ಎಂದೆ, ಶ್ಯಾವಿಗೆ ಕೊಡವಿಕೊಳ್ಳುತ್ತ.

ವಯರ್ ಬದಲಿಸಿದೆ. ಇನ್ನು ಹಿಡಿಕೆ ಕಿತ್ತು ಬರಬಾರದಲ್ಲ? ಅದಕ್ಕೆ ಎರಡು ಹನಿ ಅಂಟು ಹಾಕಿದೆ. ಎರಡು ಹನಿ ಎಂದರೆ ಒಂದು ಟ್ಯೂಬು. ಅದು ಪೂರ್ತಿ ಆರುವ ಮೊದಲೇ ಸಂಜೆ ಮತ್ತೆ ಏರಿದೆ. ಈ ಸಲ ಸೈಕಲ್ಲು ಮುಂದಕ್ಕೆ ಹೋಯಿತು! ಏನು ಓಟ! ಓಣಿ ದಾಟಿ ಪೇಟೆಗೆ ಬಂದೆ. ಎದೆ ಉಬ್ಬಿತ್ತು. ಪೇಟೆಯ ವೃತ್ತದ ಹತ್ತಿರ ನಿಧಾನ ಮಾಡೋಣವೆಂದು ಹಿಡಿಕೆ ಬಿಟ್ಟೆ. ಅದು ತಿರುಗಿದಲ್ಲೇ ನಿಂತಿತ್ತು. ಅಂಟು ಒಳಗೆ ಇಳಿದು ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತ್ತು. ಮುಂದಿನ ಬ್ರೇಕ್ ಹಿಡಿದೆ. ಅದು ಚೀರಿತು, ಅಷ್ಟೇ.

ನೇರ ಹೋದರೆ ಎದುರು ನಿಂತ ಬಸ್ಸಿಗೆ ಗುದ್ದಬೇಕು. ಹಾಗಾಗಿ ವೃತ್ತವನ್ನು ಸುತ್ತತೊಡಗಿದೆ. ಚಹಾದಂಗಡಿಯ ಮುಂದೆ ನಮ್ಮ ಹೆಡ್‌ಮಾಸ್ತರರು ಕುಳಿತಿದ್ದರು.

"ನಮಸ್ಕಾರ್ರಿ! ಎಲ್ಲಿಗೆ ಹೊಂಟೀರಿ?"

"ಇಲ್ಲೇ ರೀ!" ಎಂದೆ.

ಎರಡನೆಯ ಸುತ್ತಿಗೆ, "ಅಲ್ರೀ, ಮತ್ತ ಬಂದ್ರಲ್ಲ?" ಎಂದರು. ಮೂರನೆಯ ಸುತ್ತಿಗೆ ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತರು. ಏಳನೆಯ ಸುತ್ತಿನ ಹೊತ್ತಿಗೆ ಪೇಟೆಯೇ ಎದ್ದು ನಿಂತಿತ್ತು.

ಅಷ್ಟರಲ್ಲಿ ಯಾರೋ ಹೇಳಿ ಕಳಿಸಿರಬೇಕು, ಸುಮಂಗಲಾ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಡಬ್ಬಿಯೊಳಗಿನ ವಯರ್ ಕೀಳ್ರಿ!"

"ಕೈ ಮುಟ್ಟವಲ್ದು!"

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ನೋಯುವ ಮೊಣಕಾಲಿನಲ್ಲಿ ನನ್ನ ಪಕ್ಕಕ್ಕೆ ಓಡುತ್ತ ಬಂದು, ಸಂಡಿಗೆ ಡಬ್ಬಿಯ ಮುಚ್ಚಳ ಕಿತ್ತೆಸೆದು, ಒಳಗೆ ಕೈ ಹಾಕಿ ವಯರ್ ಎಳೆದಳು. ಸೈಕಲ್ಲು ತಣ್ಣಗೆ ನಿಂತಿತು. ಪೇಟೆಯವರು ಚಪ್ಪಾಳೆ ತಟ್ಟಿದರು. ನನಗಲ್ಲ.

ಆಕೆ ಮೊಣಕಾಲು ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕುಳಿತಳು.

"ಇದರ ಮ್ಯಾಲ ನಾ ಕುಂತಿದ್ರ ಏನ ಆಗ್ತಿತ್ರಿ?" ಎಂದಳು ಮೆಲ್ಲಗೆ.

ನಗುತ್ತಿದ್ದ ಜನರ ನಡುವಿನಿಂದ ಸೈಕಲ್ ತಳ್ಳಿಕೊಂಡು ಆಕೆಯ ಜೊತೆ ಹೊರಟೆ. ಮನೆಗೆ ಬಂದು ಸ್ಪ್ಯಾನರ್ ತೆಗೆದುಕೊಂಡು ಮೋಟಾರು ಬಿಚ್ಚಲು ಕುಳಿತೆ. ಆಕೆ ಬಂದು ಸ್ಪ್ಯಾನರ್ ಕಸಿದುಕೊಂಡಳು.

"ಯಾಕ ಬಿಚ್ಚಾಕತ್ತೀರಿ? ಓಡೂದಂತೂ ಓಡ್ತೈತಿ. ನಿಲ್ಲೂದು ಕಲಿಸಬೇಕಷ್ಟ."

ಮರುದಿನ ಆಕೆ ದಾದಾಪೀರನ ಅಂಗಡಿಗೆ ಹೋಗಿ, ತಗಡು ಸರಿಸಿ ಹಿಂದಿನ ಬ್ರೇಕ್ ಹಾಕಿಸಿದಳು. ಅಂಟು ಹತ್ತಿದ ಹಿಡಿಕೆ ಎಸೆದು ಹೊಸದು ಹಾಕಿದೆವು. ಆಮೇಲೆ ಆಕೆ ಮಾಡಿದ ಕೆಲಸ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಲಂಗದ ಲಾಡಿಯೊಂದನ್ನು ತಂದು, ಒಂದು ತುದಿಯನ್ನು ಬ್ಯಾಟರಿಯ ಪ್ಲಗ್ಗಿಗೂ ಇನ್ನೊಂದನ್ನು ತನ್ನ ಮುಂಗೈಗೂ ಕಟ್ಟಿಕೊಂಡಳು. ಜಗ್ಗಿದರೆ ಪ್ಲಗ್ಗು ಕಿತ್ತು ಮೋಟಾರು ಬಂದ್! ಹತ್ತು ಸಲ ಜಗ್ಗಿ ನೋಡಿದೆ. ಹತ್ತು ಸಲವೂ ನಿಂತಿತು. ಅದನ್ನು ಈಗ ತರಗತಿಯಲ್ಲಿ ಪಾಠ ಮಾಡುತ್ತೇನೆ. ಲಂಗದ ವಿಷಯ ಮಾತ್ರ ಹೇಳುವುದಿಲ್ಲ.

ವಾರದ ನಂತರ ಹದಿನಾಲ್ಕು ಜಂಪರುಗಳ ಚೀಲ ಹೇರಿಕೊಂಡು ಆಕೆ ನವಿಲುತೀರ್ಥಕ್ಕೆ ಹೊರಟಳು. ದಾರಿಯಲ್ಲಿ ಏನಾದರೂ ಆದರೆ ತಜ್ಞರೊಬ್ಬರು ಬೇಕಲ್ಲ? ಈರಪ್ಪಣ್ಣನ ಸಾದಾ ಸೈಕಲ್ ಇಸಿದುಕೊಂಡು ನಾನೂ ಹಿಂದೆ ಹೊರಟೆ. ಏರು ಬಂತು. ಸುಮಂಗಲಾ ಇಳಿಯಲಿಲ್ಲ. ಕಾಲು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು, ಗುಂಯ್ ಎಂದು, ಬೆನ್ನು ನೆಟ್ಟಗೆ ಮಾಡಿಕೊಂಡು ಏರಿ ಹೋದಳು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನಕ್ಕಳು. ಈ ಸಲ ಮುಖ ಮರೆಮಾಡಲಿಲ್ಲ. ನನ್ನ ಕಣ್ಣು ತೇವವಾಯಿತು. ಬೆವರೂ ಇದ್ದಿರಬಹುದು, ಯಾಕೆಂದರೆ ಅಷ್ಟರಲ್ಲಿ ನಾನು ಇಳಿದು ಸೈಕಲ್ ತಳ್ಳುತ್ತಿದ್ದೆ.

ನಾನು ಮೇಲೆ ಮುಟ್ಟುವಷ್ಟರಲ್ಲಿ ಹೆಂಗಸರು ಆಕೆಯ ಸೈಕಲ್ಲಿನ ಸುತ್ತ ನೆರೆದಿದ್ದರು.

"ಯಾರ ಮಾಡಿ ಕೊಟ್ರವಾ ಇದನ್ನ?" ಎಂದು ಒಬ್ಬ ಅಜ್ಜಿ ಕೇಳಿದಳು.

"ನಮ್ಮ ಮನಿಯವರು ಮಾಡ್ಯಾರ. ಅವರು ಸೈನ್ಸ್ ಮಾಸ್ತರ್ರು" ಎಂದಳು ಸುಮಂಗಲಾ. ಆ ದನಿಯಲ್ಲಿದ್ದ ಹೆಮ್ಮೆಗೆ ನಾನು ದೂರದಿಂದಲೇ ಎರಡು ಇಂಚು ಎತ್ತರವಾದೆ. ಅಂಗಿ ಸರಿಮಾಡಿಕೊಂಡು ಗುಂಪಿನತ್ತ ಬಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಭಾಳ ಶ್ಯಾಣೇರದಾರ ಬಿಡವಾ ನಿಮ್ಮ ಯಜಮಾನ್ರು. ಪಾಪ, ಇವನ್ಯಾರೋ ಸೈಕಲ್ ದಬ್ಬಿಕೋತ ತೇಕಿಕೋತ ಬಂದಾನ ನೋಡು. ಇವಂಗೂ ಒಂದು ಮಾಡಿಕೊಡಾಕ ಹೇಳವಾ ಅವರಿಗೆ."

ಆ ಯಜಮಾನ ನಾನೇ ಎಂದು ಹೇಳಲು ಬಾಯಿ ತೆರೆದೆ. ಬರೀ ಉಸಿರು ಬಂತು!