ಕಾವೇರಿಯನ್ನು ರಾಯಚೂರಿಗೆ ಹರಿಸಿದ ಪ್ರಸಂಗ

ನಿಮ್ಮ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ‘ಉತ್ತರ ದಿಕ್ಕು ಯಾವುದು, ತೋರಿಸು’ ಎಂದು ನೀವು ಎಂದಾದರೂ ಕೇಳಿದ್ದೀರಾ?

ನಾನು ಕೇಳಿದೆ. ನಾಲ್ಕನೆಯ ತರಗತಿಯಲ್ಲಿರುವ ನನ್ನ ಮಗಳು ಚಾರ್ವಿ ಕ್ಷಣವೂ ಯೋಚಿಸದೆ ಬೆರಳೆತ್ತಿ ಫ್ಯಾನ್ ತೋರಿಸಿದಳು. ಹಾಗಾದರೆ ದಕ್ಷಿಣ? ಕಾಲಿನಿಂದ ನೆಲ ತಟ್ಟಿದಳು. ಪುಸ್ತಕದ ನಕ್ಷೆಯಲ್ಲಿ ಉತ್ತರ ಮೇಲಿದೆ, ದಕ್ಷಿಣ ಕೆಳಗಿದೆ. ಮಗುವಿನ ತರ್ಕದಲ್ಲಿ ದೋಷವಿರಲಿಲ್ಲ. ಅದರ ಪ್ರಕಾರ ನಮ್ಮ ಕೆಳಗಿನ ಮನೆಯಲ್ಲಿರುವ, ಈ ಕಟ್ಟಡದ ಒಡತಿ ಜಯಮ್ಮನವರು ಸಪರಿವಾರ ದಕ್ಷಿಣ ಧ್ರುವದಲ್ಲಿ ವಾಸವಾಗಿದ್ದರು.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ‘ಬಾಯಿಪಾಠವು ಬುದ್ಧಿಯ ಶತ್ರು’ ಎಂದು ಗುಡುಗಿದವಳು ನಾನು. ಆ ಶತ್ರು ನನ್ನದೇ ಮನೆಯಲ್ಲಿ ಊಟ ಮಾಡಿಕೊಂಡು ಬೆಳೆಯುತ್ತಿರುವುದನ್ನು ಹೇಗೆ ಸಹಿಸಲಿ?

ಸಹಿಸದಿರಲು ಇನ್ನೊಂದು ಕಾರಣವೂ ಇತ್ತು. ಚಾರ್ವಿಯ ಶಾಲೆಯಲ್ಲಿ ವರ್ಷದ ಕೊನೆಯ ಕಾರ್ಯಕ್ರಮಕ್ಕೆ ಮೈದಾನದ ತುಂಬ ಕರ್ನಾಟಕದ ನಕ್ಷೆ ಬರೆದು, ಮಕ್ಕಳನ್ನು ನದಿಗಳನ್ನಾಗಿ ಮಾಡಿ, ಅದರ ಮೇಲೆ ನಡೆಸುವುದೆಂದು ತೀರ್ಮಾನವಾಗಿತ್ತು. ಕಾವೇರಿಯಾದವಳಿಗೆ ನೀಲಿ ಸೀರೆ, ತಲೆಗೊಂದು ಕಿರೀಟ. ಸೋಮವಾರ ಆಯ್ಕೆ, ದಾರಿ ತಪ್ಪದೆ ಹರಿದವಳೇ ಕಾವೇರಿ. ಚಾರ್ವಿ ವಾರದಿಂದ ಸ್ನಾನದ ಟವೆಲನ್ನು ಸೀರೆಯಂತೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ‘ಅಮ್ಮಾ, ನಂಗೆ ಕಾವೇರಿ ಸಿಗುತ್ತಾ?’ ಎಂದು ತಲೆ ಬಾಚಿಸಿಕೊಳ್ಳುವಾಗ ಕೇಳುತ್ತಿದ್ದಳು, ಅನ್ನ ಕಲಸುವಾಗ ಕೇಳುತ್ತಿದ್ದಳು.

ನಮ್ಮ ಮನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಯಾವ ವಿಷಯದಲ್ಲೂ ಕಡಿಮೆ ಖರ್ಚಿನ ದಾರಿ ಹುಡುಕುವ ಸ್ವಭಾವ. ನಕ್ಷೆಯ ಮೇಲೆ ದಾರಿಯನ್ನು ನಾಲ್ಕು ಸಲ ಬೆರಳಿನಿಂದ ತಿದ್ದಿಸಿದರೆ ಸಾಲದೇ ಎಂದು ಕೇಳಿದರು. ಕಲಿಕೆ ಎಂದರೇನು, ಅನುಭವ ಎಂದರೇನು, ಸಮಾಜದ ಅವನತಿಗೆ ಇವರಂಥ ತಂದೆಯಂದಿರ ಕೊಡುಗೆ ಎಷ್ಟು ಎಂಬುದನ್ನು ನಾನು ಸವಿಸ್ತಾರವಾಗಿ ಮಂಡಿಸಿದೆ. ಅವರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಅದನ್ನು ನಾನು ಒಪ್ಪಿಗೆ ಎಂದು ಪರಿಗಣಿಸಿದೆ.

ಮೊದಲ ಪ್ರಯೋಗ ಅಕ್ಕಿ ರೊಟ್ಟಿ.

ದೋಸೆ ಸುಮ್ಮನೆ ದುಂಡಗೆ ಹರಡುತ್ತದೆ. ಅದಕ್ಕೆ ಗಡಿಗಳ ಬಗ್ಗೆ ಗೌರವವಿಲ್ಲ. ಅಕ್ಕಿ ರೊಟ್ಟಿ ಹಾಗಲ್ಲ, ತಟ್ಟಿದ ಕಡೆ ನಿಲ್ಲುತ್ತದೆ. ತಣ್ಣಗಿನ ಕಾವಲಿಯ ಮೇಲೆ ಹಿಟ್ಟನ್ನು ಕರ್ನಾಟಕದ ಆಕಾರಕ್ಕೆ ತಟ್ಟಿದೆ. ಎಣ್ಣೆ ಬಿಡಲು ಬೆರಳಿನಿಂದ ತೂತು ಮಾಡುತ್ತೇವಲ್ಲ, ಅವನ್ನು ಅಣೆಕಟ್ಟುಗಳಿರುವ ಕಡೆಗಳಲ್ಲೇ ಮಾಡಿದೆ. ಜಲಾಶಯಗಳಲ್ಲಿ ಎಣ್ಣೆ ಮಿನುಗುವುದನ್ನು ನೋಡಿ ನನಗೇ ರೋಮಾಂಚನವಾಯಿತು. ಆದರೆ ಚಟ್ನಿ ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆಯವರು, ತುದಿ ಗರಿಗರಿಯಾಗಿದೆ ಎಂದು ಬೀದರನ್ನು ಮುರಿದುಕೊಂಡಿದ್ದರು.

‘ಬೀದರ್ ಎಲ್ಲಿದೆ?’ ಎಂದು ನಾನು ಪಾಠ ಆರಂಭಿಸಿದೆ.

‘ಅಪ್ಪನ ಹೊಟ್ಟೇಲಿ’ ಎಂದಳು ಚಾರ್ವಿ.

ಉತ್ತರ ಸರಿಯಾಗಿತ್ತು, ಅದೇ ದುಃಖ. ತಿನ್ನಬಹುದಾದ ನಕ್ಷೆ ಬಹುಕಾಲ ಬಾಳುವುದಿಲ್ಲ ಎಂದು ತಿಳಿದು ನಾನು ದೊಡ್ಡ ಯೋಜನೆಗೆ ಕೈಹಾಕಿದೆ.

ನಾವಿರುವುದು ಬೆಂಗಳೂರಿನ ಜರಗನಹಳ್ಳಿಯಲ್ಲಿ, ಮುಖ್ಯರಸ್ತೆಯ ಬಸ್ಸಿನ ಹಾರ್ನ್ ಕೇಳಿಸುವಷ್ಟು ಒಳಗೆ. ಜಯಮ್ಮನವರ ಕುಟುಂಬ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ಈ ಕಟ್ಟಡ ಎದ್ದಿದೆ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು, ನಮ್ಮ ಮೇಲೆ ವಿಶಾಲವಾದ ತಾರಸಿ. ಶಿವರಾತ್ರಿ ಕಳೆದು ಬಿಸಿಲೇರುವ ಕಾಲವಾದ್ದರಿಂದ ಜಯಮ್ಮನವರು ಅಲ್ಲಿ ಒಂದು ಮೂಲೆಗೆ ಹಳೆ ಸೀರೆ ಹಾಸಿ, ಅರಳು ಸಂಡಿಗೆ ಇಟ್ಟಿದ್ದರು. ನನಗೆ ಅದರಿಂದ ಅಡ್ಡಿಯಿರಲಿಲ್ಲ. ರಾಜ್ಯದ ಗಡಿಯಿಂದ ಸಾಕಷ್ಟು ಆಚೆಗಿತ್ತು.

ಭಾನುವಾರ ಬೆಳಿಗ್ಗೆ ನಾನು, ಚಾರ್ವಿ ರಂಗೋಲಿ ಪುಡಿಯಲ್ಲಿ ಕರ್ನಾಟಕ ಬರೆದೆವು. ಫೋನಿನ ದಿಕ್ಸೂಚಿ ಹಿಡಿದು, ನಿಜವಾದ ಉತ್ತರಕ್ಕೆ ಬೀದರ್, ನಿಜವಾದ ದಕ್ಷಿಣಕ್ಕೆ ಚಾಮರಾಜನಗರ ಬರುವಂತೆ ನಿಲ್ಲಿಸಿದೆ. ಇನ್ನು ಫ್ಯಾನಿನಲ್ಲಿ ಉತ್ತರ ಹುಡುಕುವ ಪ್ರಶ್ನೆಯಿಲ್ಲ! ಹೂಕುಂಡದ ಮಣ್ಣು ಕಲಸಿ ಪಶ್ಚಿಮ ಘಟ್ಟ ಕಟ್ಟಿದೆವು. ಕೊಡಗಿನಲ್ಲಿ ಪುಟ್ಟ ಗುಡ್ಡ ಮಾಡಿ ತುಳಸಿಯ ಕುಡಿ ನೆಟ್ಟಾಗ ಚಾರ್ವಿ ಕೈ ಮುಗಿದಳು.

ಉಳಿದದ್ದು ನದಿ. ನಮ್ಮ ಮನೆಯವರು ಕಾಫಿ ಲೋಟ ಹಿಡಿದು ಮೇಲೆ ಬಂದವರು, ನೀರು ಹೋಗಲು ಕಾಲುವೆ ಮಾಡಿಲ್ಲವಲ್ಲ ಎಂದರು. ನಾನು ನಕ್ಕೆ. ನದಿಗೆ ದಾರಿ ತೋರಿಸಲು ನಾವು ಯಾರು? ಮಗು ಪೂರ್ವಗ್ರಹವಿಲ್ಲದೆ ವೀಕ್ಷಿಸಬೇಕು, ವೀಕ್ಷಣೆಯಿಂದ ಸತ್ಯವನ್ನು ತಾನೇ ತಲುಪಬೇಕು. ಚಾರ್ವಿಯ ಭುಜ ಹಿಡಿದು ನಾನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: ‘ಪುಸ್ತಕ ಮರೆತುಬಿಡು. ನೀರು ಎಲ್ಲಿಗೆ ಹೋಗುತ್ತೋ ಕಣ್ಣಾರೆ ನೋಡು. ಅದೇ ಜ್ಞಾನ.’

ಬಕೆಟ್ ಬಗ್ಗಿಸಿದೆ.

ಕಾವೇರಿ ಉಗಮಿಸಿದಳು. ಕ್ಷಣಕಾಲ ಮೈಸೂರಿನ ಕಡೆ ಹೊರಡುವವಳಂತೆ ಕಂಡು, ಮನಸ್ಸು ಬದಲಿಸಿ ಹಾಸನದ ಕಡೆ ತಿರುಗಿದಳು. ಹಾಸನವನ್ನು ಅಳಿಸಿ ಚಿತ್ರದುರ್ಗಕ್ಕೆ ನುಗ್ಗಿದಳು. ನಾನು ಬರಿಗೈಯಲ್ಲಿ ಮಂಡ್ಯದ ಕಡೆ ತಳ್ಳಿ ನೋಡಿದೆ. ಕೈ ಬಳಸಿಕೊಂಡು ಬಳ್ಳಾರಿ ಸೇರಿದಳು. ಪ್ರವಾಹದ ಶಕ್ತಿ ಸಾಲದೇ ಹೀಗಾಗುತ್ತಿರಬಹುದೆಂದು ಇನ್ನೊಂದು ಬಕೆಟ್ ಸುರಿದದ್ದು ನನ್ನ ವೈಜ್ಞಾನಿಕ ಮನೋಧರ್ಮದ ಪರಾಕಾಷ್ಠೆ. ರಂಗೋಲಿಯನ್ನೂ ಘಟ್ಟದ ಮಣ್ಣನ್ನೂ ಹೊತ್ತುಕೊಂಡು ಕಾವೇರಿ ರಾಯಚೂರು ದಾಟಿದಳು. ನೆರೆರಾಜ್ಯವನ್ನು ಪ್ರವೇಶಿಸಿ, ಮೂಲೆಯ ಹಳೆ ಸೀರೆಯ ಅಡಿಯಲ್ಲಿ ನುಸುಳಿದಳು. ಮಳೆನೀರು ಇಳಿಯುವ ಪೈಪಿನ ಬಾಯಿ ಅದೇ ಸೀರೆಯಿಂದ ಮುಚ್ಚಿತ್ತು. ನೀರು ನಿಂತಿತು. ಸಂಡಿಗೆಗಳು ಒಂದೊಂದಾಗಿ ತೇಲತೊಡಗಿದವು.

ಜಯಮ್ಮನವರು ಬಂದು ಬಾಗಿಲಲ್ಲಿ ನಿಂತರು.

‘ಅಲ್ಲ ಕಣಮ್ಮಾ, ಮೊನ್ನೆಯಿಂದ ಕಾಗೆ ಕಾಯ್ದಿದೀನಿ’ ಎಂದರು. ‘ನಿನ್ನ ಕಾಯ್ಬೇಕು ಅಂತ ಗೊತ್ತಾಗ್ಲಿಲ್ಲ ನೋಡು.’

ನಾನು ಕ್ಷಮೆ ಕೇಳಿದೆ. ಆದರೆ ಚರ್ಚಾಪಟುವಿನ ಚಟ ಸುಮ್ಮನಿರುತ್ತದೆಯೇ? ನೀರು ಆಗ್ನೇಯಕ್ಕೆ ಹೋಗಬೇಕಿತ್ತು, ಇತ್ತ ಬಂದದ್ದು ಅನ್ಯಾಯ ಎಂಬ ವಾದವನ್ನೂ ಮುಂದಿಟ್ಟೆ. ಜಯಮ್ಮನವರು ನನ್ನನ್ನು ಮರುಕದಿಂದ ನೋಡಿದರು.

‘ಆಗ್ನೇಯ ಬೆಂಕಿ ಮೂಲೆ. ಅಲ್ಲಿಗೆ ಯಾರಾದ್ರೂ ನೀರು ಬಿಡ್ತಾರಾ? ಮೇಸ್ತ್ರಿ ಹತ್ರ ಜಗಳ ಆಡಿ ಇಳಿಜಾರು ಹಾಕ್ಸಿದೀನಿ ಕಣಮ್ಮಾ. ನೀರು ಈಶಾನ್ಯಕ್ಕೇ ಹೋಗ್ಬೇಕು. ಇಲ್ದಿದ್ರೆ ಮನೆಗೆ ಒಳ್ಳೇದಲ್ಲ.’

ಹೌದು, ಬೆಂಗಳೂರಿನಲ್ಲಿ ವಾಸ್ತು ನೋಡಿ ಕಟ್ಟಿಸಿದ ಯಾವ ತಾರಸಿಯಾದರೂ ಈಶಾನ್ಯಕ್ಕೇ ವಾಲಿರುತ್ತದೆ. ಇದು ಇಡೀ ಬೀದಿಗೆ ಗೊತ್ತು. ಮೂಢನಂಬಿಕೆಯ ವಿರುದ್ಧ ಮಾತಾಡುವ ಭರದಲ್ಲಿ ನಾನು ವಾಸ್ತು ಎಂಬ ಪದ ಕೇಳಿದೊಡನೆ ಕಿವಿ ಮುಚ್ಚಿಕೊಂಡವಳು. ಹಾಗಾಗಿ ನಾನು ನಂಬದ ಶಾಸ್ತ್ರದ ಇಳಿಜಾರಿನ ಮೇಲೆ, ನಾನು ನಂಬಿದ ಶಾಸ್ತ್ರದ ನದಿಯನ್ನು ಹರಿಸಹೋಗಿದ್ದೆ.

ಅಂದು ಮಧ್ಯಾಹ್ನವೆಲ್ಲ ಜಯಮ್ಮನವರ ಅಡುಗೆಮನೆಯಲ್ಲಿ ಕೂತು ಹೊಸ ಸಂಡಿಗೆಗೆ ಬೂದುಗುಂಬಳ ತುರಿದೆ. ಸಂಜೆ ಚಾರ್ವಿಯನ್ನು ಕೂರಿಸಿಕೊಂಡು, ನಮ್ಮ ತಾರಸಿ ಕರ್ನಾಟಕವಲ್ಲ, ನಾಡಿನ ಇಳಿಜಾರು ಬೇರೆ, ಮನೆಯ ಇಳಿಜಾರು ಬೇರೆ ಎಂದು ಪೀಠಿಕೆ, ನಿರೂಪಣೆ, ಉಪಸಂಹಾರ ಸಹಿತ ವಿವರಿಸಿದೆ. ಉಪಸಂಹಾರದ ವೇಳೆಗೆ ಅವಳು ನಿದ್ದೆ ಹೋಗಿದ್ದಳು. ಪೀಠಿಕೆಗೆ ಮೊದಲೇ ಹೋಗಿದ್ದಳು ಎಂದು ನಮ್ಮ ಮನೆಯವರ ಅಭಿಪ್ರಾಯ.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಆಯ್ಕೆ. ನಾವು ಕೆಲವು ತಂದೆತಾಯಿಯರು ಬೇಲಿಯ ಪಕ್ಕ ನಿಂತಿದ್ದೆವು. ಮೈದಾನದಲ್ಲಿ ಸುಣ್ಣದ ಪುಡಿಯ ಕರ್ನಾಟಕ. ಚಾರ್ವಿ ಕೊಡಗಿನಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಹರಿದಳು. ಎಂಥ ಆತ್ಮವಿಶ್ವಾಸ! ಹಾಸನ, ಚಿತ್ರದುರ್ಗ, ಬಳ್ಳಾರಿ. ತುಂಗಭದ್ರೆಯಾಗಿದ್ದ ಹುಡುಗ ಎರಡೂ ಕೈ ಚಾಚಿ, ಇದು ತನ್ನ ಜಾಗವೆಂದು ತಡೆದ. ಚಾರ್ವಿ ಅವನ ಕೈಕೆಳಗೆ ನುಸುಳಿ ಮುಂದೆ ಹೋದಳು. ನದಿ ವಿವಾದಗಳಿಗೆ ಕೊರತೆಯಿಲ್ಲದ ನಾಡಿಗೆ ನಾನು ಹೊಸದೊಂದನ್ನು ಸೇರಿಸಿದ್ದೆ.

‘ಕಾವೇರಿ, ಏ ಕಾವೇರಿ, ಎಲ್ಲಿಗಮ್ಮ?’ ಎಂದರು ಟೀಚರ್.

‘ಈಶಾನ್ಯಕ್ಕೆ, ಮಿಸ್.’

‘ಯಾಕೆ?’

‘ನೀರು ಈಶಾನ್ಯಕ್ಕೇ ಹೋಗ್ಬೇಕು ಮಿಸ್. ಇಲ್ದಿದ್ರೆ ಮನೆಗೆ ಒಳ್ಳೇದಲ್ಲ.’

ಬೇಲಿಯ ಪಕ್ಕದವರೆಲ್ಲ ನಕ್ಕರು. ಮೈದಾನದ ಮಕ್ಕಳೂ ನಕ್ಕರು. ಚಾರ್ವಿ ರಾಯಚೂರಿನಲ್ಲಿ ನಿಂತುಬಿಟ್ಟಳು. ಅವಳ ಗದ್ದ ನಡುಗುವುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ನಾನು ಮೈದಾನಕ್ಕೆ ನುಗ್ಗಿ ಟೀಚರ್ ಮುಂದೆ ವಾದ ಹೂಡಿದೆ: ಮಗು ಕಂಡದ್ದನ್ನು ಹೇಳಿದೆ, ಕಂಡದ್ದರಿಂದ ತೀರ್ಮಾನಿಸಿದೆ, ಆದ್ದರಿಂದ ವಿಧಾನ ನಿರ್ದುಷ್ಟವಾಗಿದೆ. ಅವರು ಪೂರ್ತಿ ಕೇಳಿಸಿಕೊಂಡರು.

‘ವಿಧಾನ ಸರಿ ಇದೆ ಅಂತ ಕಾವೇರೀನ ರಾಯಚೂರಿಗೆ ಬಿಡೋಕಾಗುತ್ತಾ ಮೇಡಂ?’

ಎದುರಾಳಿಯ ಒಂದೇ ವಾಕ್ಯಕ್ಕೆ ನಾನು ಸೋತದ್ದು ಇದೇ ಮೊದಲು. ಕಾವೇರಿ ಬೇರೊಬ್ಬ ಹುಡುಗಿಯ ಪಾಲಾಯಿತು. ನಕ್ಷೆ ನೋಡಿ ಬೆರಳಿನಿಂದ ತಿದ್ದಿಕೊಂಡು ಬಂದಿದ್ದಳಂತೆ. ಚಾರ್ವಿಗೆ ಟೀಚರ್ ಕೊಟ್ಟದ್ದು ಬಂಗಾಳ ಕೊಲ್ಲಿ. ನಕ್ಷೆಯ ಆಚೆ, ಪೂರ್ವಕ್ಕೆ, ಅಲುಗದೆ ನಿಲ್ಲಬೇಕು, ಅಷ್ಟೇ. ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ಸಮುದ್ರದ ಬಗ್ಗೆ ಮನೆಯಲ್ಲಿ ಏನನ್ನೂ ಕಲಿಸಬಾರದೆಂದು ಬಹಳ ವಿನಯದಿಂದ ಕೋರಿದರು.

ಚಾರ್ವಿ ನನಗಿಂತ ಮುಂದೆ ನಡೆದಳು. ಮನೆಯ ಮೆಟ್ಟಿಲ ಹತ್ತಿರ, ‘ನೀನೇ ತಾನೆ ಪುಸ್ತಕ ಮರೆತುಬಿಡು ಅಂದಿದ್ದು?’ ಎಂದಳು. ತಪ್ಪು ನನ್ನದೇ ಅಂದೆ. ಅವಳು ಸ್ವಲ್ಪ ಯೋಚಿಸಿ, ಸಮುದ್ರಕ್ಕೂ ನೀಲಿ ಸೀರೆ ಇರುತ್ತದೆಯೇ ಎಂದು ಕೇಳಿದಳು.

ಇತ್ತು. ಎಲ್ಲರ ಸೀರೆಗಿಂತ ದೊಡ್ಡದಿತ್ತು. ಕಾರ್ಯಕ್ರಮದ ದಿನ ಅದರ ಸೆರಗನ್ನು ಹರಡಿಕೊಂಡು ಚಾರ್ವಿ ಪೂರ್ವದಲ್ಲಿ ನಿಂತಳು. ಕೃಷ್ಣೆ ಬಂದು ಅವಳ ಕೈ ಹಿಡಿದಳು. ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಏದುಸಿರು ಬಿಡುತ್ತ ಕಾವೇರಿಯೂ ಬಂದಳು. ಚಾರ್ವಿ ಅವಳನ್ನು ಸೆರಗಿನೊಳಗೆ ಕರೆದುಕೊಂಡಾಗ ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಮಗು ಎಷ್ಟು ಸ್ಥಿರವಾಗಿ ನಿಂತಿದೆ, ಮನೆಯಲ್ಲಿ ಹೇಗೆ ತಯಾರು ಮಾಡಿದಿರಿ ಎಂದು ವಿಚಾರಿಸಿದರು. ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ನಮ್ಮ ಮನೆಯವರು ಬಗ್ಗಿ ಹೇಳಿದರು: ‘ಈ ಸಲ ಇವಳು ಏನೂ ಕಲಿಸ್ಲಿಲ್ಲ ಸಾರ್. ಅದಕ್ಕೇ.’

ಓದುಗರೇ, ಮನೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸಬೇಡಿ ಎಂದು ನಾನು ಹೇಳುವುದಿಲ್ಲ. ನನ್ನ ತತ್ವ ಈಗಲೂ ಅಚಲವಾಗಿದೆ. ನನ್ನದು ಒಂದೇ ಕೋರಿಕೆ. ಮಗುವನ್ನು ತಾರಸಿಗೆ ಕರೆದೊಯ್ಯುವ ಮೊದಲು ನೀವೊಬ್ಬರೇ ಹೋಗಿ ಒಂದು ಚೊಂಬು ನೀರು ಸುರಿದು ನೋಡಿ. ಅದು ಈಶಾನ್ಯಕ್ಕೆ ಹರಿದರೆ, ದಯವಿಟ್ಟು ಯಾರೊಡನೆಯೂ ವಾದಿಸದೆ ಕೆಳಗಿಳಿದು ಬನ್ನಿ.